ಹೀಟರಿಗೆ ಹೋದ ಇಡ್ಲಿ ತಟ್ಟೆ

ಮೈಸೂರಿನಲ್ಲಿ ಹೀಟರ್ ಹಚ್ಚಿಕೊಂಡು ಕೆಲಸ ಮಾಡುವವರನ್ನು ನೀವು ಯಾವತ್ತಾದರೂ ನೋಡಿದ್ದೀರಾ? ನೀರು ಕಾಯಿಸುವ ಹೀಟರಲ್ಲ ಕಣ್ರೀ, ಕೋಣೆ ಕಾಯಿಸುವ ಹೀಟರು! ಡಿಸೆಂಬರಿನಲ್ಲಿ ಎರಡು ದಿನ ಸ್ವೆಟರ್ ಹಾಕಿ, ಮೂರನೇ ದಿನ ಒಗೆದು ಪೆಟ್ಟಿಗೆಗೆ ಸೇರಿಸುವ ಊರಿದು. ಇಂಥ ಊರಿನಲ್ಲಿ ಗುಜರಿ ಸಾಮಾನು ಜೋಡಿಸಿ ಹೀಟರ್ ಕಟ್ಟಿದ ಮಹಾನುಭಾವರೊಬ್ಬರಿದ್ದಾರೆ. ನಾನು ಅವರನ್ನು ಬರೀ ನೋಡಿಲ್ಲ, ಮದುವೆಯೇ ಆಗಿದ್ದೇನೆ!

ಹೆಸರು ಮಾತ್ರ ಹೇಳುವುದಿಲ್ಲ. ಇಷ್ಟು ವರ್ಷ ಬಾಯಲ್ಲಿ ಬಾರದ ಹೆಸರನ್ನು, ಫೋನಿನಲ್ಲಿ ಕುಟ್ಟುವುದು ಕಲಿತೆ ಅಂತ ಒಂದು ಬೆರಳಲ್ಲಿ ಬೀದಿಗೆ ಹಾಕಲೇ? ನಮ್ಮನೆಯವರು ಎಂದಿಟ್ಟುಕೊಳ್ಳಿ, ಸಾಕು.

ನಮ್ಮನೆಯವರದು ಪುಸ್ತಕಕ್ಕೆ ಬೈಂಡಿಂಗ್ ಹಾಕುವ ಕೆಲಸ. ಕುಂಬಾರಕೊಪ್ಪಲಿನ ನಮ್ಮ ಮನೆಯ ಹಿಂದೆ ಶೀಟ್ ಹೊದಿಸಿದ ಒಂದು ಶೆಡ್ಡು, ಅದೇ ವರ್ಕ್‌ಶಾಪು. ಹೊಲಿಯುವುದು, ರಟ್ಟು ಕತ್ತರಿಸುವುದು, ಮೇಲೆ ಬಟ್ಟೆ ಅಂಟಿಸುವುದು ಅವರ ಪಾಲು. ಮೈದಾ ಹಿಟ್ಟು ಕದಡಿ ಅಂಟು ಕಾಯಿಸುವುದು ನನ್ನ ಪಾಲು. ಅಂಟು ಗಂಟಾದರೆ ಬೈಗುಳವೂ ನನ್ನ ಪಾಲೇ.

ಹಿನಕಲ್ ಕಡೆಯ ಒಂದು ಶಾಲೆ ತನ್ನ ಲೈಬ್ರರಿಯ ಹಳೇ ಪುಸ್ತಕಗಳನ್ನು ಪ್ರತಿ ಬೇಸಿಗೆ ರಜೆಯಲ್ಲಿ ನಮಗೇ ಕೊಡುತ್ತಿತ್ತು. ಅರ್ಧ ವರ್ಷ ನಮ್ಮ ಒಲೆ ಉರಿಯುತ್ತಿದ್ದದ್ದು ಅದರಿಂದಲೇ. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ವರ್ಷ ಮಳೆ ಬೇಗ ಹಿಡಿದುಕೊಂಡಿತು. ದಿನವಿಡೀ ಜಿಟಿಜಿಟಿ. ಅಂಟು ಒಣಗಲಿಲ್ಲ, ರಟ್ಟಿಗೆಲ್ಲ ಬೂಷ್ಟು. ಹೆಡ್‌ಮಾಸ್ಟರು ಜೋರು ಮಾಡಲಿಲ್ಲ. ಬರುವ ವರ್ಷವೂ ಹೀಗಾದರೆ ಪೇಟೆಯ ಮೆಷಿನ್ ಬೈಂಡಿಂಗಿನವರಿಗೆ ಕೊಡಬೇಕಾಗುತ್ತದೆ ಎಂದು ಮೆತ್ತಗೆ ಹೇಳಿ ಕಳುಹಿಸಿದರು. ನಮ್ಮನೆಯವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಗುಜರಿ ಅಂಗಡಿಗೆ ಹೋದರು.

ಅಲ್ಲಿಂದ ಶುರುವಾಯಿತು ನೋಡಿ! ಮೊದಲು ಒಂದು ಎಣ್ಣೆ ಡ್ರಮ್ಮು ಬಂತು. ಆಮೇಲೆ ಯಾವುದೋ ಸತ್ತ ಜೀಪಿನ ಸೈಲೆನ್ಸರು. ಅದು ಹೊಗೆ ಹೋಗುವ ಕೊಳವೆಯಂತೆ. ಡ್ರಮ್ಮು ನಿಲ್ಲಲು ಸೈಕಲ್ಲಿನ ರಿಮ್ಮು. ಬಾಗಿಲಿಗೆ ಹಿಡಿ ಬೇಡವೇ? ನನ್ನ ಕುಕ್ಕರಿನ ಮುರಿದ ಹಿಡಿ. ಊರಿನ ಗುಜರಿಯೆಲ್ಲ ಮನೆಗೆ ಬಂತು, ಮನೆಯ ಪಾತ್ರೆ ಗುಜರಿಯಾಯಿತು.

ಒಂದು ಭಾನುವಾರ ಬೆಳಿಗ್ಗೆ ಇಡ್ಲಿ ಹೊಯ್ಯಲು ಹೋದರೆ ಮೂರು ತಟ್ಟೆಯ ಜಾಗದಲ್ಲಿ ಎರಡೇ! ಅಟ್ಟ ಹುಡುಕಿದೆ, ಪಕ್ಕದ ಮನೆಯವಳನ್ನು ಕೇಳಿದೆ, ಮನಸ್ಸಿನಲ್ಲೇ ಇಬ್ಬರ ಮೇಲೆ ಅನುಮಾನವನ್ನೂ ಪಟ್ಟೆ. ಕೊನೆಗೆ ಸಿಕ್ಕಿತು, ಡ್ರಮ್ಮಿನ ಹೊಟ್ಟೆಯಲ್ಲಿ. ಗಾಳಿ ಒಳಗೆ ಹೋಗುವ ಬಾಯಿಗೆ ಮುಚ್ಚಳವಾಗಿ ಕೂತಿತ್ತು.

"ಅಷ್ಟು ಸಣ್ಣ ತೂತು ಒಂದೇ ಸಮ ಕೊರೆಯಕ್ಕೆ ಯಾರ ಕೈಲಾಗುತ್ತೆ ಹೇಳು. ರೆಡಿಮೇಡ್ ಸಿಕ್ತು" ಎಂದರು.

ನಾನು ಸುಮ್ಮನಿರುವವಳೇ? ನಲ್ಲಿಯ ಹತ್ತಿರ ಬಿಂದಿಗೆ ಇಟ್ಟವರಿಗೆಲ್ಲ ಹೇಳಿದೆ, ನಮ್ಮನೆಯವರು ಇಡ್ಲಿ ತಟ್ಟೆ ಕಳ್ಳರು ಎಂದು. ಬಿಂದಿಗೆ ತುಂಬುವುದರೊಳಗೆ ಸುದ್ದಿ ಬೀದಿಯ ಆ ತುದಿ ಮುಟ್ಟಿತ್ತು.

ಮೊದಲ ದಿನ ತೆಂಗಿನ ಚಿಪ್ಪು ಹಾಕಿ ಹಚ್ಚಿದರು. ಹೊಗೆ ಸೈಲೆನ್ಸರಿನ ದಾರಿ ಬಿಟ್ಟು ಸೀದಾ ನನ್ನ ಅಡಿಗೆಮನೆಗೆ ಬಂತು. ಪಕ್ಕದ ಮನೆಯವಳು ಕಾಂಪೌಂಡಿನ ಮೇಲೆ ತಲೆ ಇಟ್ಟು, "ಏನಕ್ಕಾ, ಹೊಗೆ ಸೊಳ್ಳೆಗಾ, ಹೋಮಕ್ಕಾ?" ಎಂದು ಕೇಳಿದಳು. ನಮ್ಮನೆಯವರು ಕೆಮ್ಮುತ್ತಲೇ ಕೊಳವೆ ಬಿಚ್ಚಿದರು, ಇನ್ನಷ್ಟು ಉದ್ದ ಮಾಡಿದರು, ಶೀಟಿನಿಂದ ಆಚೆಗೆ ತಳ್ಳಿದರು. ನಾಲ್ಕನೇ ಸಲಕ್ಕೆ ಹೊಗೆ ಆಕಾಶಕ್ಕೂ ಕಾವು ಶೆಡ್ಡಿಗೂ ಹೋಯಿತು. ಮರುವರ್ಷ ಜೂನ್ ಜಡಿಯಲ್ಲೂ ರಟ್ಟು ಹಪ್ಪಳದ ಹಾಗೆ ಒಣಗಿತು.

ಅಯ್ಯೋ, ಹಪ್ಪಳ ಎಂದುಬಿಟ್ಟೆನಲ್ಲ! ಇನ್ನು ನನ್ನ ಬುದ್ಧಿವಂತಿಕೆಯನ್ನೂ ಹೇಳಲೇಬೇಕು.

ಹೀಟರನ್ನು ನೋಡಿ ನಕ್ಕವಳು ನಾನು. ಅದು ಉರಿದ ಮರುದಿನವೇ ಅದರ ಪರಮಭಕ್ತೆಯಾದವಳೂ ನಾನೇ. ಮೊದಲು ರವಿಕೆ ಒಣಗಿಸಿದೆ, ಆಮೇಲೆ ಹುಣಸೆಹಣ್ಣು. ಆ ಜೂನಿನಲ್ಲೇ ಹಲಸಿನ ಹಪ್ಪಳ ಒತ್ತಿದ್ದೆ, ಮೂರು ದಿನದಿಂದ ಬಿಸಿಲಿಲ್ಲ. ನಮ್ಮನೆಯವರು ಬಟ್ಟೆ ತರಲು ಪೇಟೆಗೆ ಹೋಗಿದ್ದರು. ಶೆಡ್ಡಿಗೆ ಹೋಗಿ ನೋಡುತ್ತೇನೆ, ಶಾಲೆಯ ಪುಸ್ತಕಗಳು ಹೀಟರಿನ ಸುತ್ತ ಸಾಲಾಗಿ ಮಲಗಿವೆ. ಬೆಚ್ಚಗೆ, ಸಮತಟ್ಟಾಗಿ! ಹಪ್ಪಳಕ್ಕೆಂದೇ ಮಾಡಿಸಿದಂತಿವೆ! ಒಂದೊಂದು ಪುಸ್ತಕದ ಮೇಲೆ ಒಂದೊಂದು ಹಪ್ಪಳ ಇಟ್ಟೆ. ನಲವತ್ತು ಪುಸ್ತಕ, ನಲವತ್ತು ಹಪ್ಪಳ. ಹಾಲು ನೋಡಿಕೊಂಡು ಬರೋಣವೆಂದು ಒಳಗೆ ಹೋದವಳು ಮಲಗಿ ನಿದ್ದೆ ಮಾಡಿದೆ.

ಎದ್ದು ಬಂದರೆ ನಮ್ಮನೆಯವರು ಶೆಡ್ಡಿನ ನಡುವೆ ನಿಂತಿದ್ದರು. ಒಂದು ಹಪ್ಪಳ ಎತ್ತಿದರು. ಕೆಳಗೆ ನೀಲಿ ಬಟ್ಟೆಯ ಮೇಲೆ ದುಂಡಗೆ ಎಣ್ಣೆಯ ಚಂದ್ರ. ಇನ್ನೊಂದು ಎತ್ತಿದರು, ಅಲ್ಲೂ ಚಂದ್ರ. ಶೆಡ್ಡೆಲ್ಲ ಹಲಸು, ಇಂಗು, ಜೀರಿಗೆ. ಪುಸ್ತಕ ವಾಪಸು ಕೊಡಲು ಇನ್ನು ಮೂರೇ ದಿನವಿತ್ತು. ಬೈಯಲಿ ಎಂದು ಕಾದೆ. ಅಂಟು ಗಂಟಾದರೆ ಬೈಯುವ ಮನುಷ್ಯ ಆವತ್ತು ಹಪ್ಪಳ ಮುರಿದು ನೋಡಿ, "ಚೆನ್ನಾಗಿ ಒಣಗಿದೆ" ಎಂದಷ್ಟೇ ಹೇಳಿದರು. ಆಮೇಲೆ ಚಾಕು ತೆಗೆದುಕೊಂಡು ಮೊದಲ ಪುಸ್ತಕದ ಬಟ್ಟೆ ಕಿತ್ತರು.

ಮೂರು ದಿನ ಮತ್ತೆ ಕಿತ್ತು, ಮತ್ತೆ ಅಂಟಿಸಿದ್ದಾಯಿತು. ನಾನು ಗಂಟಿಲ್ಲದ ಅಂಟು ಕಾಯಿಸಿಕೊಟ್ಟೆ, ಜೀವನದಲ್ಲಿ ಮೊದಲ ಸಲ. ಬಣ್ಣ ಸರಿಹೋಯಿತು, ವಾಸನೆ ಎಲ್ಲಿ ಹೋಗುತ್ತದೆ? ಮೂಟೆ ಕಟ್ಟಿ ಆಟೋದಲ್ಲಿ ಅವರು ಹೊರಟಾಗ ನಾನು ದೇವರ ಮುಂದೆ ಕೂತವಳು ಎದ್ದಿದ್ದು ಗೇಟಿನ ಸದ್ದಿಗೇ. ಏನಂದರು ಎಂದು ಕೇಳಿದೆ. ಬರುವ ವರ್ಷವೂ ನಮಗೇ ಅಂತೆ ಎಂದು ಚಪ್ಪಲಿ ಬಿಟ್ಟರು. ಆ ವಾರ ಡಬ್ಬಿಯಲ್ಲಿ ಒಂದು ಕಟ್ಟು ಹಪ್ಪಳ ಕಡಿಮೆಯಿತ್ತು. ಇಲಿಯನ್ನು ಶಪಿಸಿ ಬೋನು ಇಟ್ಟೆ.

ಏಳೆಂಟು ವರ್ಷದ ಮೇಲೆ ಗೋಕುಲಂನ ತರಕಾರಿ ಅಂಗಡಿಯಲ್ಲಿ ಆ ಹೆಡ್‌ಮಾಸ್ಟರು ಸಿಕ್ಕಿದರು. ರಿಟೈರಾಗಿದ್ದರು. ನನ್ನನ್ನು ಗುರುತು ಹಿಡಿದು ಮೊದಲು ವಿಚಾರಿಸಿದ್ದೇ ಹಪ್ಪಳವನ್ನು.

"ನಿಮ್ಮ ಯಜಮಾನ್ರು ಬಂದೋರೇ, ಮೂಟೆ ಬಿಚ್ಚೋಕೆ ಮುಂಚೇನೇ ಒಪ್ಕೊಂಡ್ಬುಟ್ರು ಕಣಮ್ಮ. 'ನಂಗೆ ಹಪ್ಪಳದ ಚಪಲ ಸಾರ್, ಮನೇಲಿ ಬೇಡ ಅಂದ್ರೂ ಪುಸ್ತಕದ ಮೇಲೆ ನಾನೇ ಒಣಗಾಕ್ದೆ, ತಪ್ಪಾಯ್ತು' ಅಂತ. ಒಂದು ಕಟ್ಟು ತಂದೂ ಕೊಟ್ರು. ಅಷ್ಟು ನಿಜ ಹೇಳೋ ಮನುಷ್ಯನ ಕೆಲಸ ಹೆಂಗಮ್ಮ ತಪ್ಪಿಸೋದು?"

ಆರಿಸಿದ್ದ ಬದನೆಕಾಯಿಯನ್ನು ವಾಪಸು ಬುಟ್ಟಿಗೇ ಸುರಿದೆ. ಏನನ್ನೂ ಕೊಳ್ಳದೆ ಮನೆಗೆ ಬಂದೆ.

ನಮ್ಮನೆಯವರು ಹೀಟರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು, ಪಕ್ಕದಲ್ಲಿ ಬಳಿದು ತೆಗೆದ ಬೂದಿಯ ಗುಡ್ಡೆ. ಮಸಿ ಹಿಡಿದು ಕರ್ರಗಾದ ನನ್ನ ಇಡ್ಲಿ ತಟ್ಟೆಯನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ತೂತು ತೂತನ್ನೂ ಕಡ್ಡಿಯಿಂದ ಬಿಡಿಸುತ್ತಿದ್ದರು.

"ನನ್ನ ತಪ್ಪನ್ನ ಯಾಕ್ರೀ ನಿಮ್ಮ ಮೇಲೆ ಹಾಕ್ಕೊಂಡ್ರಿ?"

ಅವರು ತಲೆ ಎತ್ತಲಿಲ್ಲ. ತಟ್ಟೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾ ಅಂದರು:

"ಇಡ್ಲಿ ತಟ್ಟೆ ಕಳ್ಳ ಅಂತ ಬೀದಿಗೆಲ್ಲ ನೀನೇ ಹೇಳ್ಕೊಂಡ್ ಬಂದಿದ್ಯಲ್ಲ. ಮನೇಲಿ ಕೆಟ್ಟ ಹೆಸರು ಒಬ್ರಿಗೇ ಸಾಕು ಅಂದ್ಕೊಂಡೆ ಬುಡೇ."