ಟರ್ಬೊ ಗಾಡಿಯೂ ಮಗಳ ಫಿಸಿಕ್ಸ್ ಪರೀಕ್ಷೆಯೂ

ಗಾಡಿ ಕೆಟ್ಟಾಗ ಬಾನೆಟ್ ಎತ್ತಿ, ಸೊಂಟದ ಮೇಲೆ ಕೈಯಿಟ್ಟು ನಿಲ್ಲದ ಗಂಡಸನ್ನು ನಾನು ಕಂಡಿಲ್ಲ. ಒಳಗೆ ಏನಿದೆಯೆಂದು ಗೊತ್ತಿಲ್ಲದಿದ್ದರೂ ಒಂದೆರಡು ಪೈಪು ಅಲ್ಲಾಡಿಸಿ "ಹ್ಞೂಂ" ಎಂದರೆ ಪಕ್ಕದವರಿಗೊಂದು ಸಮಾಧಾನ. ಈ ವಿದ್ಯೆಯಲ್ಲಿ ನಾನು ಪಳಗಿದವನು. ಹನಗೋಡಿನಲ್ಲಿ ನನ್ನದೊಂದು ಗೊಬ್ಬರದಂಗಡಿ. ಹೊಗೆಸೊಪ್ಪಿಗೆ ಒಳ್ಳೆಯ ರೇಟು ಬಂದ ವರ್ಷ ವ್ಯಾಪಾರವೂ ಕುದುರಿ, ಮೈಸೂರಿನಿಂದ ಹಳೆಯ ಟರ್ಬೊ ಡೀಸೆಲ್ ಕಾರು ತಂದೆ. ಟರ್ಬೊ ಎಂದರೆ ಎಂಜಿನ್ನಿಗೆ ಒತ್ತಡದಲ್ಲಿ ಗಾಳಿ ಊದುವ ಯಂತ್ರ. ಅದು ಊದಿದರೆ ಗಾಡಿ ಚಿಮ್ಮುತ್ತದೆ, ಊದದಿದ್ದರೆ ಎಮ್ಮೆ. ಯೂರಿಯಾ ಕೇಳಿಕೊಂಡು ಬಂದವರಿಗೆಲ್ಲ ನಾನು ಇಷ್ಟನ್ನು ವಿವರಿಸಿಯೇ ಮೂಟೆ ಕೊಡುತ್ತಿದ್ದೆ.

ಆ ಮಾರ್ಚಿನಲ್ಲಿ ಗಾಡಿ ಎಮ್ಮೆಯ ಕಡೆಗೇ ವಾಲತೊಡಗಿತು. ಏರು ಬಂದರೆ ಏದುಸಿರು, ಹಿಂದೆ ಕರೀ ಹೊಗೆ. ಏರ್ ಫಿಲ್ಟರ್ ಬದಲಿಸಿದೆ, ಡೀಸೆಲ್ ಫಿಲ್ಟರ್ ಬದಲಿಸಿದೆ, ಪೆಟ್ರೋಲ್ ಬಂಕನ್ನೂ ಬದಲಿಸಿದೆ. ಬದಲಿಸದೆ ಉಳಿದವನು ಡ್ರೈವರ್ ಒಬ್ಬನೇ, ಅಂದರೆ ನಾನು. ಅಷ್ಟರಲ್ಲಿ ಮಗಳು ರೂಪಾಳ ಪಿಯುಸಿ ಪರೀಕ್ಷೆ ಬಂತು, ಸೆಂಟರು ಹುಣಸೂರು. ಫಿಸಿಕ್ಸ್ ದಿನ ಬೆಳಿಗ್ಗೆ ಹೆಂಡತಿ, "ಸುಮ್ನೆ ಬಸ್ಸಲ್ಲಿ ಕಳ್ಸಿ ಕಣ್ರೀ" ಅಂದಳು. ಮನೆ ಮುಂದೆ ಟರ್ಬೊ ನಿಂತಿರುವಾಗ ಬಸ್ಸೇ? ನನಗೆ ಸಿಟ್ಟೇ ಬಂತು.

ಅರ್ಧ ದಾರಿಯ ಏರಿನಲ್ಲಿ "ಫಟ್" ಎಂದಿತು. ಎಷ್ಟು ತುಳಿದರೂ ಗಾಡಿ ತೆವಳುತ್ತದೆಯೇ ಹೊರತು ಓಡದು. ಸೌದೆ ಹೇರಿದ ಸೈಕಲ್ಲೊಂದು ನಮ್ಮನ್ನು ದಾಟಿ ಹೋಯಿತು. ನಿಲ್ಲಿಸಿ ಬಾನೆಟ್ ಎತ್ತಿದೆ.

"ಅಪ್ಪಾ, ಟೈಮಾಯ್ತಾ ಅದೆ. ಎರಡನೇ ಬೆಲ್ಲಾದ್ರೆ ಗೇಟ್ ಆಕ್ಬುಡ್ತಾರೆ" ಅಂದಳು ರೂಪಾ. ಎರಡು ವರ್ಷ ಕರೆಂಟು ಹೋದಾಗಲೆಲ್ಲ ಸೀಮೆಎಣ್ಣೆ ದೀಪದಲ್ಲಿ ಕೂತು ಓದಿದ ಮಗು. ಆಗಲೇ ಹಿಂದಿನಿಂದ ಕೆಂಪು ಬಸ್ಸು ಬಂತು. ರಸ್ತೆ ಮಧ್ಯಕ್ಕೆ ಹೋಗಿ ಎರಡೂ ಕೈ ಎತ್ತಿದೆ.

"ಬಾರವ್ವ, ಬಿರ್ರನೆ ಅತ್ತು!" ಎಂದ ಕಂಡಕ್ಟರ್, ನನ್ನ ಕಡೆ ತಿರುಗಿ, "ಸಾವ್ಕಾರ್ರೇ, ನಿಮ್ ಗಾಡಿನೂ ಹಿಂದ್ಗಡೆ ಕಟ್ಕಂಡೋಗವಾ?" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು.

ಬಸ್ಸು ಮರೆಯಾದ ಮೇಲೆ ಬಗ್ಗಿ ನೋಡುತ್ತೇನೆ, ಟರ್ಬೊದಿಂದ ಬರುವ ದಪ್ಪ ರಬ್ಬರ್ ಪೈಪು ಕಳಚಿ ನೇತಾಡುತ್ತಿದೆ. ಗಾಡಿ ಮಾರಿದವನಿಗೆ, ಫಿಲ್ಟರ್ ಹಾಕಿದ ಮೆಕ್ಯಾನಿಕ್ಕಿಗೆ ಒಟ್ಟಿಗೆ ಬೈದು, ಪೈಪನ್ನು ಬಿಗಿಹಿಡಿಯುವ ಕ್ಲ್ಯಾಂಪಿನೊಳಗೆ ಬೆರಳು ತೂರಿಸಿದರೆ ಒಣಗಿದ ಚೆಂಡುಹೂವಿನ ಪುಡಿ ಉದುರಿತು, ಜೊತೆಗೆ ದಾರದ ತುಂಡು. ಆಯುಧಪೂಜೆಯ ದಿನ ಎಲ್ಲರೂ ಗಾಡಿಯ ಮೂತಿಗೆ ಹಾರ ಹಾಕಿದರೆ ನಾನು ಎಂಜಿನ್ನಿಗೂ ಒಂದು ಹಾಕಿದ್ದೆ. ಜಾರಿ ಬೀಳುತ್ತಿತ್ತೆಂದು ಕ್ಲ್ಯಾಂಪು ಸಡಿಲಿಸಿ, ಹೂವನ್ನು ಅದರಡಿ ಸೇರಿಸಿ ತಿರುಪು ಬಿಗಿದವನೂ ನಾನೇ. ಹೂವು ಒಣಗಿದಂತೆಲ್ಲ ಸಂದು ಬಿಟ್ಟು, ಊದಿದ ಗಾಳಿಯೆಲ್ಲ ಇಷ್ಟು ದಿನ ಅಲ್ಲಿಂದಲೇ ಸೋರಿಹೋಗಿತ್ತು. ಬೈದದ್ದನ್ನೆಲ್ಲ ಮನಸ್ಸಿನಲ್ಲೇ ವಾಪಸು ತೆಗೆದುಕೊಂಡೆ.

ಪೈಪು ಕೂರಿಸಿ ಸ್ಕ್ರೂಡ್ರೈವರಿನಿಂದ ಬಿಗಿದೆ, ಅಷ್ಟೆ. ಗಾಡಿ ಸಿಳ್ಳೆ ಹಾಕುತ್ತಾ ಚಿಮ್ಮಿತು. ನೋಡನೋಡುತ್ತಲೇ ಬಸ್ಸಿನ ಹಿಂದಿದ್ದೆ. ಮಗಳನ್ನು ಇಳಿಸಿಕೊಳ್ಳೋಣವೆಂದು ಹಾರನ್ ಹೊಡೆದರೆ ಡ್ರೈವರು ಕೈ ಹೊರಗೆ ಚಾಚಿ, ಮುಂದೆ ಹೋಗಿ ಎಂದು ದಾರಿ ಬಿಟ್ಟ. ಅಡ್ಡ ಹಾಕಲು ಧೈರ್ಯ ಬರಲಿಲ್ಲ, ಒಳಗೆ ಇನ್ನೂ ಎಷ್ಟೋ ಮಕ್ಕಳು ಪರೀಕ್ಷೆಗೆ ಹೊರಟಿದ್ದರು. ಮುಂದೆ ಹೋದೆ.

ಕಾಲೇಜಿನ ಗೇಟಿನ ಹತ್ತಿರ ನಮ್ಮ ಅಂಗಡಿಯ ಗಿರಾಕಿ ಪುಟ್ಟೇಗೌಡರು ಮಗನನ್ನು ಒಳಗೆ ಕಳಿಸಿ ನಿಂತಿದ್ದರು. ನನ್ನ ಕಾರಿನೊಳಗೆ ಇಣುಕಿ, "ಗಾಡಿ ಬಂದದೆ, ಮಗಳೆಲ್ಲಿ?" ಅಂದರು.

"ಬಸ್ಸಲ್ಲಿ ಬತ್ತಾವಳೆ" ಅಂದೆ.

ಮೊದಲ ಬೆಲ್ಲಾಯಿತು. ಬಸ್ಸಿಲ್ಲ. ಪ್ರತಿ ಊರಿನಲ್ಲೂ ನಿಲ್ಲುತ್ತಿದೆಯೇನೋ. ಆ ಹೊತ್ತು ನಾನು ನೆನೆಯದ ದೇವರಿಲ್ಲ. ವಾಚ್‌ಮನ್ ಗೇಟಿಗೆ ಕೈ ಹಾಕುವಾಗ ತಿರುವಿನಲ್ಲಿ ಕೆಂಪು ಕಂಡಿತು. ರೂಪಾ ಇನ್ನೂ ನಿಲ್ಲದ ಬಸ್ಸಿನಿಂದ ಹಾರಿ, ನನ್ನನ್ನೂ ಟರ್ಬೊವನ್ನೂ ನೋಡದೆ ಓಡಿ ಒಳಗೆ ಸೇರಿಕೊಂಡಳು. ಅವಳ ಹಿಂದೆಯೇ ಎರಡನೇ ಬೆಲ್ಲು ಹೊಡೆಯಿತು. ನಾನು ಕಾರಿಗೆ ಒರಗಿಕೊಂಡು ಕಣ್ಣೊರೆಸಿಕೊಂಡೆ.

ಕೆಮಿಸ್ಟ್ರಿ ದಿನ ಅವಳು ನನ್ನನ್ನು ಕೇಳದೆಯೇ ಬಸ್ಸು ಹತ್ತಿದಳು. ಹುಣಸೂರು ಮುಟ್ಟುವವರೆಗೆ ಗಾಡಿಯಲ್ಲಿ ಬಸ್ಸಿನ ಹಿಂದೆಯೇ ಹೋದೆ. ಅಕಸ್ಮಾತ್ ಬಸ್ಸು ಕೆಟ್ಟು ನಿಂತರೆ ಬಾನೆಟ್ ಎತ್ತಲು ತಿಳಿದವರೊಬ್ಬರು ಜೊತೆಗಿರಲಿ ಎಂದು.