ಕೊಳ್ಳೇಗಾಲವೇ ಗೆಲ್ಲುವ ಸಾಲು

ಯಂತ್ರಗಳಿಗೆ ಬುದ್ಧಿ ಬಂದುಬಿಟ್ಟಿದೆ ಎಂದು ಹೆದರುವವರನ್ನು ಕಂಡರೆ ನನಗೆ ನಗು ಬರುತ್ತದೆ. ಪಾಪ, ಅವರು ಜಾವಾಸ್ಕ್ರಿಪ್ಟ್ ಕಲಿತಿಲ್ಲ. ನಾನು ಕಲಿತೆ, ಕೊಳ್ಳೇಗಾಲದ ಒಂದು ರೇಷ್ಮೆ ಸೀರೆ ಅಂಗಡಿಯ ಮಹಡಿ ಮೇಲೆ, ವೆಬ್ ಪುಟ ಮಾಡುವುದನ್ನು ಹೇಳಿಕೊಡುವ ಪುಟ್ಟಮಾದಪ್ಪ ಮೇಷ್ಟ್ರ ಹತ್ತಿರ. ಆ ಭಾಷೆಯ ಕೂಡುವ ಚಿಹ್ನೆಯನ್ನೇ ನೋಡಿ. ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕು. ಅವುಗಳಲ್ಲಿ ಒಂದನ್ನು ಉದ್ಧರಣ ಚಿಹ್ನೆಯೊಳಗೆ ಕೂರಿಸಿದರೆ ಅದು ಅಕ್ಷರವಾಗಿ, ಉತ್ತರ ಇಪ್ಪತ್ತೆರಡು! ಸರಿ, ಅಂಟಿಸುತ್ತದೆ ಎಂದುಕೊಳ್ಳೋಣ. ಅದೇ ಅಕ್ಷರದಿಂದ ಎರಡನ್ನು ಕಳೆದರೆ ಮಾತ್ರ ಜಾಣನ ಹಾಗೆ ಸೊನ್ನೆ ಕೊಡುತ್ತದೆ. ಕೂಡುವಾಗ ಅಕ್ಷರ, ಕಳೆಯುವಾಗ ಅಂಕಿ! ಕಾಲೇಜಿನ ಚರ್ಚಾ ವೇದಿಕೆಯಲ್ಲಿ ಇಂಥ ಎರಡು ನಾಲಗೆಯ ಎದುರಾಳಿ ಸಿಕ್ಕಿದ್ದರೆ ನೀರು ಕುಡಿಯಲೂ ಬಿಡುತ್ತಿರಲಿಲ್ಲ ನಾನು.

ಮೈಯುರಿದದ್ದು ಮಾತ್ರ ಸಮಚಿಹ್ನೆಯ ವಿಷಯಕ್ಕೆ. ಒಂದು ಹಾಕಿದರೆ 'ಹೀಗಾಗು' ಎಂಬ ಅಪ್ಪಣೆಯಂತೆ. ಮೂರು ಹಾಕಿದರೆ 'ಹೀಗಿದೆಯಾ?' ಎಂಬ ಪ್ರಶ್ನೆಯಂತೆ. "ಒಂದೇ ಮಾತನ್ನ ಮೂರು ಸಲ ಹೇಳೋದು ವಾದ ಇಲ್ಲದವರ ಲಕ್ಷಣ ಸಾರ್," ಎಂದೆ. ಅರ್ಧ ಗಂಟೆ ಬಿಡಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನೀನೇ ಗೆದ್ದೆ ಕಣವ್ವ. ಆದ್ರೂ ಮೂರು ಆಕು."

ಗೆದ್ದ ಮೇಲೆ ಯಾಕೆ ಹಾಕಲಿ?

ಅಷ್ಟರಲ್ಲಿ ಕೊಳ್ಳೇಗಾಲ, ಹನೂರು, ಯಳಂದೂರು ತಂಡಗಳ ಚರ್ಚಾ ಸ್ಪರ್ಧೆ ಬಂತು. ಕೊಳ್ಳೇಗಾಲದ ತಂಡಕ್ಕೆ ತರಬೇತಿ ಕೊಟ್ಟವಳು ನಾನು. ಅಂತಿಮ ಸುತ್ತಿನಲ್ಲಿ ಸಭಿಕರು ಮೊಬೈಲಿನಿಂದ ಓಟು ಹಾಕುವ ವೆಬ್ ಪುಟ ಬರೆದವಳೂ ನಾನೇ. ಇದು ಸರಿಯಾ ಎಂದು ಯಾರಾದರೂ ಕೇಳಿದರೆ ಬಾಯಿ ಮುಚ್ಚಿಸಲು ಉತ್ತರವೂ ಸಿದ್ಧವಿತ್ತು, ಯಾರೂ ಕೇಳಲಿಲ್ಲ. ಯಳಂದೂರು ಮೊದಲ ಸುತ್ತಿನಲ್ಲೇ ಹೊರಬಿತ್ತು. ಅಂತಿಮ ಸುತ್ತಿನ ವಿಷಯ: ಯಂತ್ರಕ್ಕೆ ಪಕ್ಷಪಾತವಿಲ್ಲ. ಅದರ ಪರವಾಗಿ ಹನೂರಿನ ಮಾದೇವಿ, ವಿರೋಧವಾಗಿ ನಮ್ಮವರು. ಮಾದೇವಿ ಮಾತು ಮುಗಿಸಿದಾಗ ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಓಟು ಮುಗಿಯಿತು. ಪರದೆ ಮೇಲೆ ಮೂಡಿತು: 'ಕೊಳ್ಳೇಗಾಲ ಗೆದ್ದಿದೆ.'

"ಇನ್ನೊಂದ್ಸಲ ಓಟಾಕ್ಸಿ," ಎಂದಳು ಮಾದೇವಿ. "ಎಲ್ರೂವೆ ಹನೂರ್ಗೇ ಒತ್ರಿ, ಸುಮ್ಕೆ ನೋಡಾವ." ಒತ್ತಿದರು. ಕೊಳ್ಳೇಗಾಲ ಗೆದ್ದಿತು. ಹಿಂದಿನ ಬೆಂಚಿನಿಂದ ಯಳಂದೂರಿನವನೊಬ್ಬ ಕೂಗಿದ, "ಯಾರೂ ಒತ್ಬ್ಯಾಡಿ ಕಣ್ರಲಾ, ಆಗೇನಾದದು ನೋಡ್ಮ!" ಆಗಲೂ ಕೊಳ್ಳೇಗಾಲವೇ ಗೆದ್ದಿತು.

'ಗೆದ್ದವರು ಕೊಳ್ಳೇಗಾಲವಾ?' ಎಂದು ಕೇಳಬೇಕಿದ್ದ ಸಾಲಿನಲ್ಲಿ ನಾನು ಮೂರು ಹಾಕಿರಲಿಲ್ಲ. ಒಂದೇ ಸಮಚಿಹ್ನೆ ಕಂಡ ಆ ದಡ್ಡ ಯಂತ್ರ, ಓಟನ್ನೆಲ್ಲ ಆಚೆ ತಳ್ಳಿ, ಗೆದ್ದವರ ಜಾಗದಲ್ಲಿ ಕೊಳ್ಳೇಗಾಲವನ್ನೇ ಕೂರಿಸುತ್ತಿತ್ತು.

ಆದರೆ ಸೋಲೊಪ್ಪುವ ತರಬೇತಿ ನನಗೆ ಯಾರೂ ಕೊಟ್ಟಿಲ್ಲ. ವೇದಿಕೆ ಹತ್ತಿದೆ. "ಮಹನೀಯರೇ, ಯಂತ್ರ ಪಕ್ಷಪಾತಿ ಎಂಬ ನಮ್ಮ ವಾದ ನಿಮ್ಮ ಕಣ್ಣೆದುರೇ ಸಾಬೀತಾಯಿತು. ಆದ್ದರಿಂದ ಗೆದ್ದದ್ದು ನಾವೇ!" ನಮ್ಮ ತಂಡದವರೇ ತಲೆ ತಗ್ಗಿಸಿದರು.

"ಮಿಷಿನ್ನೇನ್ ಮಾಡ್ತಕ್ಕಾ?" ಮಾದೇವಿಗೆ ಮೈಕೂ ಬೇಕಾಗಲಿಲ್ಲ. "ನೀನು ಯೋಳ್ದಂಗೆ ಕೇಳ್ತು. ಪಕ್ಷಪಾತ ನಿಂದು."

ಕೈ ಎತ್ತಿಸಿ ತೀರ್ಮಾನಿಸಿದರು. ಶೀಲ್ಡು ಹನೂರಿನ ಬಸ್ಸು ಹತ್ತಿತು.

ಮನೆಯಲ್ಲಿ ಅವ್ವ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಯಾರು ಗೆದ್ದರು ಎಂದು ಕೇಳಲೇ ಇಲ್ಲ. ನನಗೆ ಅದಕ್ಕೂ ರೇಗಿತು.

"ಯಾಕವ್ವ, ಒಂದು ಮಾತು ಕೇಳಬಾರ್ದಾ?"

"ನಿನ್ನ ಏನಂತ ಕೇಳಾದು? ಯಾರು ಗೆದ್ರು ಅಂದ್ರೆ ಯಾವತ್ತಾದ್ರೂ ಬ್ಯಾರೆಯೋರ ಎಸ್ರು ಯೋಳಿದ್ದಿಯಾ?"

ನಾನು ಅವ್ವನ ಪಕ್ಕ ಕೂತು ಅವರೆಕಾಯಿ ಬಿಡಿಸಿದೆ.