ಮೂರು ಮಧ್ಯಾಹ್ನಗಳ ರಾಕ್ ತಾರೆ

ಇನ್ನು ಮೇಲೆ ಈ ಮನೆಯಲ್ಲಿ ತನ್ನನ್ನು ಯಾರೂ ಪುಕ್ಕಲಿ ಎನ್ನಕೂಡದು! ಚುಕ್ಕಿಯ ಅಮ್ಮ ಈ ಘೋರ ಶಪಥ ಮಾಡಿದ್ದು, ಮಗಳ ನೀರಿನ ಬಾಟಲಿ ಸೋರೀತೇನೋ ಎಂದು ತಲೆಕೆಳಗೆ ಹಿಡಿದು ಪರೀಕ್ಷಿಸುತ್ತಿದ್ದಾಗ. ಎಂಟು ವರ್ಷದ ಚುಕ್ಕಿ ಆಗಷ್ಟೇ ಗೆಳತಿಗೆ ಫೋನಿನಲ್ಲಿ, "ನಮ್ಮಮ್ಮ ಕುಕ್ಕರ್ ಕೂಗಿದ್ರೂ ಬೆಚ್ಚಿಬೀಳ್ತಾಳೆ ಕಣೇ" ಎಂದು ಮನೆಯ ಮಾನ ಹರಾಜು ಹಾಕಿದ್ದಳು.

"ಏನಂದೆ? ನಿನ್ನಮ್ಮ ಹದಿನಾಲ್ಕನೇ ವಯಸ್ಸಿಗೇ ರಾಕ್ ಉತ್ಸವ ನೋಡಿದವಳು! ಟೀವಿಯಲ್ಲಿ! ಸತತ ಮೂರು ಮಧ್ಯಾಹ್ನ!"

ಅಲ್ಲಿಂದ ವರ್ಣನೆ ಪ್ರವಾಹವಾಯಿತು. ತೊಂಬತ್ತರ ದಶಕ. ಕೆಸರಿನಲ್ಲಿ ಕುಣಿಯುವ ಲಕ್ಷ ಜನ. ಅಂಗಿ ಕಿತ್ತೆಸೆದು ಡ್ರಮ್ ಬಡಿಯುವ ಒಬ್ಬ. ಮುಖ ಎಲ್ಲಿದೆಯೆಂದು ಹುಡುಕಬೇಕಾದಷ್ಟು ಕೂದಲಿನ ಗಿಟಾರಿನವನು.

"ಅವನ ಹಾಡು ಈಗಲೂ ನನ್ನ ಕಿವೀಲಿದೆ!" ಎಂದವಳೇ ಸೌಟನ್ನು ಗಿಟಾರಾಗಿಸಿ, "ಡಾಂ ಡಾಂ ಡಡಾಂ, ಓಹೋ ಹೋಯ್!" ಎಂದು ಹಾಡಿಯೂ ಬಿಟ್ಟಳು. ಚುಕ್ಕಿ ಬಿಟ್ಟ ಬಾಯಿ ಬಿಟ್ಟಂತೆ ನೋಡಿದಳು. ಮಗಳು ತನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಆ ನೋಟಕ್ಕಾಗಿ ಅಮ್ಮ ಕುಕ್ಕರನ್ನೇ ಅಪ್ಪಿಕೊಳ್ಳಲೂ ಸಿದ್ಧಳಿದ್ದಳು!

ಮರುದಿನ ಸುದ್ದಿ ಶಾಲೆಯ ಸಂಗೀತದ ಮೇಷ್ಟ್ರಿಗೆ ತಲುಪಿತು. ವಾರ್ಷಿಕೋತ್ಸವದ ಬ್ಯಾಂಡಿಗೆ ಹಾಡು ಸಿಗದೆ ಅವರು ತಲೆ ಕೆರೆದುಕೊಳ್ಳುತ್ತಿದ್ದರು. ಅಮ್ಮನಿಗೆ ಕರೆ ಬಂತು. ಅಮ್ಮ ಹೋದಳು, ಹಾಡಿದಳು, ಗೆದ್ದಳು! ವಾರದೊಳಗೆ ಚುಕ್ಕಿಯೂ ಸೇರಿ ಹನ್ನೆರಡು ಮಕ್ಕಳು ಅದನ್ನು ಬಾರಿಸತೊಡಗಿದರು. ಗೇಟಿನ ಮೇಲೆ ಬ್ಯಾನರ್ ಬಿತ್ತು: "ಜಗತ್ಪ್ರಸಿದ್ಧ ರಾಕ್ ಗೀತೆ". ಅಮ್ಮ ಅದರ ಕೆಳಗೆ ನಿಧಾನವಾಗಿ ನಡೆದುಹೋದಳು. ಎರಡು ಸಲ.

ಕಾರ್ಯಕ್ರಮಕ್ಕೆ ಎರಡು ದಿನವಿದ್ದಾಗ ಪತಿರಾಯ ಕಂಪ್ಯೂಟರಿನ ಮುಂದಿನಿಂದ ಕೂಗಿದ. "ನಿನ್ನ ಉತ್ಸವ ಸಿಕ್ತು, ಬಾ!"

ಅದೇ ಕೆಸರು, ಅದೇ ಕೂದಲು. ಆದರೆ ಹಾಡು? ಡಾಂ ಇಲ್ಲ, ಡಡಾಂ ಇಲ್ಲ!

"ಇದು ಮೋಸ! ಯಾರೋ ಹಾಡು ಬದಲಾಯಿಸಿದ್ದಾರೆ!"

"ಜೊತೆಗೆ ಹಾಡ್ತಿರೋ ಲಕ್ಷ ಜನರ ಬಾಯನ್ನೂ ಬದಲಾಯಿಸಿದ್ರಾ?" ಎಂದ ಪತಿರಾಯ.

ಅಮ್ಮ ಕೂಡಲೇ ತಮ್ಮನಿಗೆ ಫೋನ್ ಮಾಡಿದಳು. "ಲೋ, ಆ ಉತ್ಸವ ನೀನೂ ನೋಡಿದ್ಯಲ್ಲ, ಹಾಡು ಹೇಗಿತ್ತು ಹೇಳೋ!"

"ಕೇಳಿದ್ರೆ ತಾನೇ ಹೇಳೋದು?" ತಮ್ಮ ನಕ್ಕ. "ತಾತ ಟೀವಿ ಪಕ್ಕದಲ್ಲೇ ಮಲಗ್ತಿದ್ರು. ಕಿಂಚಿತ್ ಸದ್ದು ಬಂದ್ರೂ ಟೀವಿ ಬಂದ್ ಅಂದಿದ್ರಲ್ಲ ನಮ್ಮಮ್ಮ! ಮೂರು ದಿನಾನೂ ಸದ್ದೇ ಇಲ್ಲದಂತೆ ಮಾಡಿ ನೋಡಿದ್ದು ಕಣಕ್ಕಾ. ನಾನು ದಿಂಬು ಬಡೀತಿದ್ದೆ, ನೀನು ಪಿಸುಪಿಸು ಅಂತ ಬಾಯಿಗೆ ಬಂದಿದ್ದು ಹಾಡ್ತಿದ್ದೆ!"

ಅಮ್ಮ ಕುರ್ಚಿಯಲ್ಲಿ ಕುಸಿದಳು. ಜಗತ್ಪ್ರಸಿದ್ಧ ಗೀತೆಯನ್ನು ಮೊನ್ನೆಮೊನ್ನೆಯವರೆಗೂ ಇಡೀ ಜಗತ್ತಿನಲ್ಲಿ ಬಲ್ಲವರು ಅಕ್ಕ, ತಮ್ಮ ಇಬ್ಬರೇ! ಹೇಳಿದರೆ ಮಗಳ ಆ ನೋಟ ಹೋಯಿತು. ಹೇಳದಿದ್ದರೆ ತುಂಬಿದ ಸಭೆಯಲ್ಲಿ ಯಾರಾದರೂ ತಿಳಿದವರು ಎದ್ದು ನಿಂತಾರು, ಮಗಳಿಗೇ ಅವಮಾನ.

ಮರುದಿನ ಅಭ್ಯಾಸದ ಕೋಣೆಗೆ ಹೋಗಿ, ಡ್ರಮ್ ಹಿಂದೆ ಕೂತಿದ್ದ ಮಗಳ ಎದುರೇ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಳು. "ಮೇಷ್ಟ್ರೇ, ಅದು ಯಾವ ಬ್ಯಾಂಡಿನ ಹಾಡೂ ಅಲ್ಲ. ನಾನೇ ಕಟ್ಟಿದ್ದು. ತಪ್ಪಾಯ್ತು."

ಚುಕ್ಕಿ ಚಂಗನೆ ಎದ್ದಳು. "ಹಂಗಾದ್ರೆ ನಾವು ಬಾರಿಸ್ತಿರೋದು ನಮ್ಮಮ್ಮನ ಹಾಡು!" ಹನ್ನೆರಡು ಮಕ್ಕಳೂ ಹೋ ಎಂದು ಕಿರುಚಿದರು. ಅಮ್ಮನ ಎದೆ ರವಿಕೆಗೆ ಸಾಲದಷ್ಟು ಉಬ್ಬಿತು!

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ನಂಗೆ ಮೊದಲ ದಿನವೇ ಗೊತ್ತಾಗಿತ್ತು ಬಿಡಿ."

"ಹೌದಾ? ಅಷ್ಟು ಹೊಸದಾಗಿತ್ತಾ?"

"ಅಷ್ಟು ಸುಲಭವಾಗಿತ್ತು. ಹುಡುಕಿದ್ರೂ ನಾಲ್ಕನೇ ಸ್ವರ ಇಲ್ಲ. ನಮ್ಮ ಮಕ್ಕಳಿಗೆ ಬರೋದೂ ಅಷ್ಟೇ. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ!"